ಹೊರದೇಶದ ಊಟ: ಮೊದಲು ಗಡಿಯಾರ ನೋಡಿ, ಆಮೇಲೆ ಮೆನು

ಸಂಜೆ 6 ಗಂಟೆಗೆ ಹಸಿದುಕೊಂಡು ಮ್ಯಾಡ್ರಿಡ್‌ನಲ್ಲಿ ಊಟ ಹುಡುಕಿದರೆ ಒಳ್ಳೆಯ ಹೋಟೆಲುಗಳ ಒಲೆ ಆರಿರುತ್ತದೆ. ಸ್ಪೇನ್‌ನಲ್ಲಿ ಮಧ್ಯಾಹ್ನದ ಊಟ ಶುರುವಾಗುವುದೇ 2 ಗಂಟೆ ಹೊತ್ತಿಗೆ, ರಾತ್ರಿಯ ಊಟ 9ರ ಮೇಲೆ. ನಡುವಿನ ಹೊತ್ತಿನಲ್ಲಿ ಊಟ ಸಿಗುವುದು ಹೆಚ್ಚಾಗಿ ಪ್ರವಾಸಿಗಳನ್ನೇ ನಂಬಿಕೊಂಡ ಕಡೆ. ಅಲ್ಲಿ ಸಪ್ಪೆ ಊಟ ಮಾಡಿ, ‘ಈ ದೇಶದ ಅಡುಗೆಯೇ ಚೆನ್ನಾಗಿಲ್ಲ’ ಅಂತ ವಾಪಸ್ ಬರುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಹಾಗಾಗಿ ಮೊದಲ ಹೆಜ್ಜೆಯನ್ನು ಹೊರಡುವ ಮುಂಚೆಯೇ ಇಡಬೇಕು. ಆ ಊರಿನವರು ಯಾವ ಹೊತ್ತಿಗೆ ಏನು ತಿನ್ನುತ್ತಾರೆ ಅಂತ ತಿಳಿದುಕೊಳ್ಳಿ. ವಿಯೆಟ್ನಾಮಿನ ‘ಫೋ’ ನೋಡಲು ಊಟದಂತಿದ್ದರೂ ಅಲ್ಲಿ ಎಷ್ಟೋ ಜನರಿಗೆ ಅದೇ ಬೆಳಗಿನ ತಿಂಡಿ. ಗಂಟೆಗಟ್ಟಲೆ ಕುದಿಸಿದ ಮಾಂಸದ ಸಾರಿಗೆ ಅಕ್ಕಿ ನೂಡಲ್ಸ್ ಹಾಕಿ ಕೊಡುತ್ತಾರೆ. ಕೆಲವು ಅಂಗಡಿಗಳು ಸಾರು ಖಾಲಿಯಾದ ಕೂಡಲೇ ಬಾಗಿಲು ಹಾಕುತ್ತವೆ. ರೂಮಿನ ಬಾಡಿಗೆಯಲ್ಲೇ ತಿಂಡಿ ಸೇರಿದೆ ಅಂತ ದಿನಾ ಅದನ್ನೇ ತಿನ್ನಬೇಡಿ. ಎರಡು ದಿನವಾದರೂ ಅದನ್ನು ಬಿಟ್ಟು ಬೀದಿಗೆ ಇಳಿಯಿರಿ.

ದೊಡ್ಡ ಊಟ ಮಧ್ಯಾಹ್ನಕ್ಕಿರಲಿ

ದುಡ್ಡು ಉಳಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸ್ಪೇನ್‌ನಲ್ಲಿ ‘ಮೆನು ದೆಲ್ ದಿಯಾ’ ಅಂತ ಕೇಳಿ. ಒಂದೇ ಬೆಲೆಗೆ ಎರಡು ಬಗೆಯ ಅಡುಗೆ, ಬ್ರೆಡ್ಡು, ಕೊನೆಗೆ ಸಿಹಿ ಅಥವಾ ಕಾಫಿ ಬರುತ್ತದೆ. ಮೆಕ್ಸಿಕೊದಲ್ಲಿ ಇಂಥದ್ದೇ ಊಟಕ್ಕೆ ‘ಕೊಮಿದಾ ಕೊರಿದಾ’ ಅನ್ನುತ್ತಾರೆ. ಇದು ಸುತ್ತಲಿನ ಕಚೇರಿ, ಅಂಗಡಿಗಳಲ್ಲಿ ಕೆಲಸ ಮಾಡುವವರು ದಿನವೂ ಉಣ್ಣುವ ಊಟ. ಇವತ್ತು ರುಚಿ ಕೆಟ್ಟರೆ ನಾಳೆ ಅವರು ಪಕ್ಕದ ಹೋಟೆಲಿಗೆ ಹೋಗುತ್ತಾರೆ. ಅದಕ್ಕೇ ಅಡುಗೆಯವರು ಕೈ ಬಿಗಿ ಹಿಡಿಯುವುದಿಲ್ಲ.

ಯಾವ ಹೋಟೆಲ್ ಅನ್ನುವುದಕ್ಕೂ ಇದೇ ಲೆಕ್ಕ. ಊಟದ ಹೊತ್ತಿನಲ್ಲಿ ಅಲ್ಲಿನವರೇ ಸಾಲು ನಿಂತಿರುವ ಕಡೆ ನೀವೂ ನಿಲ್ಲಿ. ಜನ ಜಾಸ್ತಿ ಇದ್ದರೆ ಮಾಡಿದ್ದು ಮಾಡಿದಂತೆ ಖಾಲಿಯಾಗುತ್ತದೆ, ಹಳಸಲು ಸಮಯವೇ ಇರುವುದಿಲ್ಲ. ಸಾಮಾನ್ಯವಾಗಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಆದ್ದರಿಂದ ಕಣ್ಣೆದುರೇ ಬಾಣಲೆಯಿಂದ ಇಳಿಸಿದ್ದನ್ನು ಧೈರ್ಯವಾಗಿ ತಿನ್ನಿ. ಉಗುರುಬೆಚ್ಚಗೆ ಕೂತಿರುವ ಟ್ರೇ, ಮೊದಲೇ ಹೆಚ್ಚಿಟ್ಟ ಹಣ್ಣು ಬೇಡ.

ಸಿಂಗಪುರದ ಹಾಕರ್ ಸೆಂಟರ್‌ಗಳಿಗೆ ಹೋದರಂತೂ ಒಂದೇ ಸೂರಿನಡಿ ಹತ್ತಾರು ಊಟದ ಅಂಗಡಿ. 2020ರಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಕೂರಬೇಡಿ, ಯಾರೋ ಜಾಗ ಹಿಡಿದು ಊಟ ತರಲು ಹೋಗಿದ್ದಾರೆ. ಉಂಡ ಟ್ರೇಯನ್ನು ನೀವೇ ಎತ್ತಿಡಬೇಕು, 2021ರಿಂದ ಇದು ಕಡ್ಡಾಯ.

ಏನು ತಿನ್ನುವುದಿಲ್ಲ ಅಂತ ಬಿಡಿಸಿ ಹೇಳಿ

‘ನಾನು ಸಸ್ಯಾಹಾರಿ’ ಅಂದರೆ ಸಾಲುವುದಿಲ್ಲ. ಜಪಾನಿನಲ್ಲಿ ತರಕಾರಿ ಸೂಪಿಗೂ ‘ದಾಶಿ’ ಹಾಕುತ್ತಾರೆ. ಅದನ್ನು ಹೆಚ್ಚಾಗಿ ಒಣಮೀನಿನಿಂದ ತೆಗೆಯುತ್ತಾರೆ. ಥಾಯ್ಲೆಂಡಿನಲ್ಲಿ ಹುರಿದ ಸೊಪ್ಪಿಗೂ ‘ನಾಮ್ ಪ್ಲಾ’ ಎಂಬ ಮೀನಿನ ರಸ ಬೀಳುತ್ತದೆ. ಅಲ್ಲಿ ‘ಜೇ’ ಅಂತ ಕೇಳಿ. ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇಲ್ಲದ ಅಡುಗೆ ಅದು. ಅಂಥ ಅಂಗಡಿಗೆ ಹಳದಿ ಬಾವುಟದ ಗುರುತು ಇರುತ್ತದೆ. ಇಥಿಯೋಪಿಯಾಗೆ ಹೋದರೆ ಬುಧವಾರ, ಶುಕ್ರವಾರಗಳನ್ನು ಬಿಡಬೇಡಿ. ಆರ್ಥೊಡಾಕ್ಸ್ ಕ್ರೈಸ್ತರಿಗೆ ಅವು ಉಪವಾಸದ ದಿನ. ಮಾಂಸ, ಹಾಲು, ಬೆಣ್ಣೆ ಬಿಟ್ಟು ಮಾಡಿದ ಬೇಳೆ, ತರಕಾರಿಗಳನ್ನು ದೋಸೆಯಂಥ ಅಗಲವಾದ ಇಂಜೆರಾ ಮೇಲೆ ಸಾಲಾಗಿ ಬಡಿಸುತ್ತಾರೆ. ಅಷ್ಟು ಬಗೆಯ ರುಚಿ ಒಂದೇ ತಟ್ಟೆಯಲ್ಲಿ ಸಿಗುವುದು ಅಪರೂಪ.

ಅಲರ್ಜಿ ಇದ್ದರೆ ಬಾಯಿಮಾತು ನೆಚ್ಚಬೇಡಿ. ಆ ದೇಶದ ಭಾಷೆಯಲ್ಲೇ ಒಂದು ಚೀಟಿ ಬರೆಸಿಕೊಂಡು ಹೋಗಿ ಅಡುಗೆಮನೆಗೆ ಕಳಿಸಿ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಕಡಲೆಕಾಯಿ, ಹಾಲು, ಎಳ್ಳು ಸೇರಿ 14 ಅಲರ್ಜಿ ಪದಾರ್ಥಗಳ ವಿವರವನ್ನು ಹೋಟೆಲಿನವರು ಕೊಡಲೇಬೇಕು. 2014ರ ಡಿಸೆಂಬರ್‌ನಿಂದ ಅದು ಕಾನೂನು. ಕೇಳಲು ಸಂಕೋಚ ಬೇಡ.

ಬಿಲ್ಲು ಬಂದಾಗ

ಅಮೆರಿಕದಲ್ಲಿ ಮೆನುವಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಬಡಿಸಿದವರಿಗೆ ಶೇ 15ರಿಂದ 20 ಟಿಪ್ಸ್ ಬೇರೆ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ. ಇಟಲಿಯಲ್ಲಿ ಮೇಜಿಗೆ ಕೂತದ್ದಕ್ಕೆ ‘ಕೊಪೆರ್ತೊ’ ಅಂತ ತಲೆಗಿಷ್ಟು ಸೇರಿಸಿರುತ್ತಾರೆ, ಅದು ಮೋಸವಲ್ಲ. ಪೋರ್ಚುಗಲ್‌ನಲ್ಲಿ ಕೇಳದೆಯೇ ಬ್ರೆಡ್ಡು, ಆಲಿವ್ ತಂದಿಡುತ್ತಾರೆ. ತಿಂದರೆ ದುಡ್ಡು ಕೊಡಬೇಕು, ಬೇಡದಿದ್ದರೆ ಮುಟ್ಟದೆ ವಾಪಸ್ ಕಳಿಸಿ. ಕಾರ್ಡ್ ಉಜ್ಜುವಾಗ ಯಾವ ಹಣದಲ್ಲಿ ಅಂತ ಮಷೀನು ಕೇಳಿದರೆ ಆ ದೇಶದ ಹಣವನ್ನೇ ಒತ್ತಿ. ನಿಮ್ಮ ಹಣ ಒತ್ತಿದರೆ ಸಾಮಾನ್ಯವಾಗಿ ಜಾಸ್ತಿ ಹೋಗುತ್ತದೆ.

ಇಷ್ಟವಾದ ಅಂಗಡಿಗೆ ಮರುದಿನವೂ ಅದೇ ಹೊತ್ತಿಗೆ ಹೋಗಿ. ಮೊದಲ ದಿನ ಮೆನುವಿನ ಮೇಲೆ ಬೆರಳಿಟ್ಟು ತರಿಸಿಕೊಂಡಿದ್ದೀರಿ, ಅಲ್ವಾ? ಈ ಸಲ ಪಕ್ಕದವರ ತಟ್ಟೆಯಲ್ಲಿರುವುದರ ಹೆಸರು ಕೇಳಿ, ಅದನ್ನೇ ತರಿಸಿ.