ಪಿಜ್ಜಾ ಸ್ಲೈಸ್ ಬಿಸಿ ಮಾಡಿಸುವಾಗ ಇದೊಂದು ಹೇಳಿ
ಮಣಿಪಾಲ, ಉಡುಪಿ ಕಡೆ ಬಿಡಿ ಸ್ಲೈಸ್ ಮಾರುವ ಪಿಜ್ಜಾ ಅಂಗಡಿಗೆ ಹೋದರೆ, ‘ಮೈಕ್ರೋವೇವ್ ಬೇಡ, ಓವನ್‌ನಲ್ಲೇ ಎರಡು ನಿಮಿಷ ಇಡಿ’ ಅಂತ ಮೊದಲೇ ಹೇಳಿಬಿಡಿ. ಗಾಜಿನ ಪೆಟ್ಟಿಗೆಯಲ್ಲಿ ಕೂತ ಸ್ಲೈಸಿನ ತಳ ಅಷ್ಟರಲ್ಲಿ ಮೆತ್ತಗಾಗಿರುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಮೈಕ್ರೋವೇವ್ ಅದರೊಳಗಿನ ನೀರನ್ನೇ ಬಿಸಿ ಮಾಡುತ್ತದೆ. ಆ ಹಬೆ ತಳದಲ್ಲೇ ಉಳಿದು ಬ್ರೆಡ್ಡು ರಬ್ಬರ್ ಆಗುತ್ತದೆ. ಓವನ್‌ನ ಒಣ ಬಿಸಿ ಕೆಳಗಿನಿಂದ ತಾಗಿದರೆ ತೇವ ಹಾರಿ ಮತ್ತೆ ಗರಿಗರಿ. ಅಂಗಡಿಯಲ್ಲಿ ಮೈಕ್ರೋವೇವ್ ಮಾತ್ರ ಇದ್ದರೆ ಸುಮ್ನೆ ಜಗಳ ಬೇಡ ಮಾರಾಯ್ರೇ, ಹಾಗೇ ಪಾರ್ಸೆಲ್ ತಗೊಂಡು ಬನ್ನಿ. ಮನೆಯಲ್ಲಿ ದೋಸೆ ಕಾವಲಿ ಇದೆ ಅಲ್ವಾ? ಸಣ್ಣ ಉರಿ, ಎಣ್ಣೆ ಬೇಡ. ಉಗುರಿನಲ್ಲಿ ತಟ್ಟಿದರೆ ತಳ ಟಕ್ ಅನ್ನಬೇಕು. ಆಗ ಕಾವಲಿಯ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ, ನೀರುದೋಸೆಗೆ ಮುಚ್ಚುವ ಹಾಗೆ ಅರ್ಧ ನಿಮಿಷ ಮುಚ್ಚಿಡಿ. ಚೀಸ್ ಕರಗಿ ಹೊಳೆಯುತ್ತದೆ. ದಪ್ಪ ತಳದ, ಪನೀರ್ ರಾಶಿ ಹಾಕಿದ ಸ್ಲೈಸಿಗೆ ಮಾತ್ರ ಇದು ಆಗುವುದಿಲ್ಲ: ನಡು ತಣ್ಣಗೇ ಇರುತ್ತದೆ, ತಳ ಕರಟಿ ಹೋಗಿರುತ್ತದೆ. ಬೆಳಗ್ಗಿನಿಂದ ಕೂತು ಅಂಚು ಒಣಗಿದ್ದಾದರೆ ಬಿಸಿ ಮಾಡಿದಷ್ಟೂ ಹಪ್ಪಳ, ಅದನ್ನು ತಗೊಳ್ಳಲೇಬೇಡಿ.