ಶ್ರೀಪತಿಯನ್ನು ಕಟ್ಟಿದ ಬಗೆ: ಓದುಗರಿಗೆ ಹಿಡಿಸುವ ಖಳನ ಬಗ್ಗೆ ನನ್ನ ಅನುಭವ

ನನ್ನ ಕಾದಂಬರಿಯ ಖಳ ಶ್ರೀಪತಿ ಕತ್ತಿ ಹಿಡಿದವನಲ್ಲ, ಅಬ್ಬರಿಸುವವನೂ ಅಲ್ಲ. ತಂದೆ ತೀರಿಕೊಂಡ ಮೇಲೆ ತಮ್ಮ ಮೋಹನನನ್ನೂ ತಂಗಿ ಶಾರದೆಯನ್ನೂ ಸಾಕಿ, ಓದಿಸಿ, ದೊಡ್ಡವರನ್ನಾಗಿ ಮಾಡಿದ ಅಣ್ಣ. ಕಥೆ ಮುಗಿಯುವ ಹೊತ್ತಿಗೆ ಅವನು ತಮ್ಮನಿಗೆ ನಿಶ್ಚಯವಾಗಿದ್ದ ಮದುವೆ ತಪ್ಪಿಸಿರುತ್ತಾನೆ. ತಂಗಿಯ ಸಹಿಯನ್ನು ತಾನೇ ಹಾಕಿ ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿರುತ್ತಾನೆ. ಅವಳಿಗೆ ಬಂದ ಕೆಲಸದ ಪತ್ರವನ್ನು ಬಚ್ಚಿಟ್ಟಿರುತ್ತಾನೆ. ಆದರೂ ಪುಸ್ತಕ ಓದಿದವರು ನನ್ನ ಹತ್ತಿರ ಹೆಚ್ಚು ಮಾತಾಡುವುದು ಅವನ ಬಗ್ಗೆಯೇ. "ಅವನ ಮೇಲೆ ಕೆಂಡದಂಥ ಕೋಪ ಬರುತ್ತೆ. ಆದರೆ ಅವನಿಲ್ಲದ ಅಧ್ಯಾಯದಲ್ಲಿ, ಯಾವಾಗ ಬರ್ತಾನೋ ಅಂತ ಕಾಯ್ತಾ ಇರ್ತೀನಿ" ಎಂದರು ಒಬ್ಬ ಓದುಗರು. ನಾನು ಬಯಸಿದ್ದೂ ಅದನ್ನೇ. ಅದಕ್ಕಾಗಿ ಏನೇನು ಮಾಡಿದೆ ಎಂದು ಇಲ್ಲಿ ಹೇಳುತ್ತೇನೆ.

ಮೊದಲು ಗಟ್ಟಿ ಮಾಡಿಕೊಂಡದ್ದು ಅವನ ಆಸೆಯನ್ನು. ಅಧಿಕಾರ, ಹಣ, ಸೇಡು ಇವು ಯಾವುವನ್ನೂ ಅವನಿಗೆ ಕೊಡಲಿಲ್ಲ. ಅವನಿಗೆ ಬೇಕಾದದ್ದು ಒಂದೇ: ಮನೆ ಒಡೆಯಬಾರದು. ಮೂವರೂ ಒಂದೇ ಸೂರಿನಡಿ ಇರಬೇಕು. ಇದರಲ್ಲಿ ತಪ್ಪೇನಿದೆ? ಯಾರನ್ನು ಕೇಳಿದರೂ ಒಳ್ಳೆಯ ಆಸೆಯೇ ಎನ್ನುತ್ತಾರೆ. ಓದುಗ ಅವನೊಳಗೆ ಕಾಲಿಡುವುದು ಈ ಬಾಗಿಲಿನಿಂದ. ಖಳನ ಆಸೆ ಓದುಗನ ಎದೆಯಲ್ಲೂ ಸಣ್ಣದಾಗಿಯಾದರೂ ಇರಬೇಕು. ಲೋಕವನ್ನೇ ಆಳುವ ಆಸೆ ನಮ್ಮಲ್ಲಿ ಯಾರಿಗಿದೆ? ತನ್ನವರು ತನ್ನನ್ನು ಬಿಟ್ಟುಹೋಗದಿರಲಿ ಎಂಬ ಆಸೆ ಎಲ್ಲರಿಗೂ ಇದೆ. ಶ್ರೀಪತಿ ಅದಕ್ಕಾಗಿ ನಾವು ಹೋಗದಷ್ಟು ದೂರ ಹೋಗುತ್ತಾನೆ, ಅಷ್ಟೆ.

ಆಸೆ ಸಿಕ್ಕ ಮೇಲೆ ಇಡೀ ಕಥೆಯನ್ನು ಅವನ ಕಡೆಯಿಂದ ಒಮ್ಮೆ ಬರೆದುಕೊಂಡೆ. ಪ್ರಕಟಣೆಗಲ್ಲ, ನನಗಾಗಿ. ಆ ಬರಹದಲ್ಲಿ ಅವನೇ ನಾಯಕ. ಶಾರದೆ ಹಟಮಾರಿ ತಂಗಿ, ಮೋಹನ ಕೈಲಾಗದ ತಮ್ಮ. ಹಾಗೆ ಬರೆಯುವಾಗ ಕಥೆಯ ಹಂದರದಲ್ಲಿದ್ದ ಸಂದುಗಳು ಕಣ್ಣಿಗೆ ಬಿದ್ದವು. ಕಥೆ ಮುಂದೆ ಹೋಗಲಿ ಎಂದು ನಾನು ಅವನಿಂದ ಏನನ್ನು ಮಾಡಿಸುತ್ತಿದ್ದೇನೆ, ಅವನು ತಾನಾಗಿ ಏನನ್ನು ಮಾಡುತ್ತಾನೆ ಎಂಬುದು ಬೇರೆಬೇರೆಯಾಗಿ ಕಂಡಿತು. ಎರಡನೆಯದನ್ನು ಮಾತ್ರ ಉಳಿಸಿಕೊಂಡೆ.

ಅವನ ಬಾಲ್ಯವನ್ನೂ ವಿವರವಾಗಿ ಬರೆದಿಟ್ಟುಕೊಂಡಿದ್ದೆ. ಚಿಕ್ಕವನಿದ್ದಾಗ ನೆಂಟರೊಬ್ಬರ ಮನೆಯಲ್ಲಿ ಬೇಡದ ಮಗುವಾಗಿ ಬೆಳೆದದ್ದು, ರಾತ್ರಿ ಹೊರಗೆ ಮಲಗಿದ್ದು, ಎಲ್ಲ. ಕಾದಂಬರಿಯಲ್ಲಿ ಅದು ಒಂದು ವಾಕ್ಯವಾಗಿಯಷ್ಟೇ ಉಳಿಯಿತು, ಅದೂ ಮೋಹನನ ಬಾಯಲ್ಲಿ, ಯಾವುದೋ ಮಾತಿನ ನಡುವೆ. ಖಳನಿಗೆ ನೋವಿನ ಹಿನ್ನೆಲೆ ಕೊಟ್ಟರೆ ಓದುಗರಿಗೆ ಹಿಡಿಸುತ್ತಾನೆ ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ನೋವಿನಿಂದ ಕನಿಕರ ಹುಟ್ಟುತ್ತದೆ, ಕನಿಕರ ಬಹಳ ಬೇಗ ಆರಿಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಹಿನ್ನೆಲೆ ಒಂದು ಲೆಕ್ಕ ಚುಕ್ತಾ ಮಾಡಿಬಿಡುತ್ತದೆ: ಹೀಗಾಯಿತು, ಆದ್ದರಿಂದ ಹೀಗೆ ಮಾಡಿದ. ಅಲ್ಲಿಗೆ ಅವನ ಬಗ್ಗೆ ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ.

ನನ್ನ ಅನುಭವದಲ್ಲಿ ಪಾತ್ರವೊಂದರ ಕಡೆ ಓದುಗರನ್ನು ಎಳೆಯುವುದು ಅದರ ಕಸುಬುದಾರಿಕೆ. ಯಾವುದೋ ಒಂದು ಕೆಲಸವನ್ನು ಬಲು ಚೆನ್ನಾಗಿ ಮಾಡುವವರನ್ನು ನೋಡುತ್ತ ಕೂರುವುದು ಎಲ್ಲರಿಗೂ ಇಷ್ಟ. ಶ್ರೀಪತಿಗೆ ಜನರನ್ನು ಕೇಳಿಸಿಕೊಳ್ಳುವ ಕಲೆ ಗೊತ್ತು. ಎದುರಿನವರು ಹೇಳಿದ್ದನ್ನಲ್ಲದೆ ಹೇಳದೆ ನುಂಗಿದ್ದನ್ನೂ ಹಿಡಿಯುತ್ತಾನೆ. ಒಂದು ದೃಶ್ಯದಲ್ಲಿ ಜಗಳವಾಡಿಕೊಂಡ ಇಬ್ಬರು ಪಾಲುದಾರರು ಅವನ ಮುಂದೆ ಕೂತಿದ್ದಾರೆ. ಇಬ್ಬರೂ ಲೆಕ್ಕದ ಮಾತಾಡುತ್ತಾರೆ. ಅವನು ಲೆಕ್ಕದ ಪುಸ್ತಕ ಮುಟ್ಟುವುದೇ ಇಲ್ಲ. "ಮಗಳ ಮದುವೆಗೆ ಅವನು ಬರಲಿಲ್ಲ ಅಂತ ಅಲ್ವಾ ನಿಮಗೆ ಬೇಜಾರು?" ಎಂದು ಒಬ್ಬನನ್ನು ಕೇಳುತ್ತಾನೆ. ಆತ ಅತ್ತುಬಿಡುತ್ತಾನೆ, ವ್ಯಾಜ್ಯ ಮುಗಿಯುತ್ತದೆ. ಆ ದೃಶ್ಯ ಬರೆದು ಮುಗಿಸಿದಾಗ ನನಗೇ ಅವನು ಬಹಳ ಮೆಚ್ಚುಗೆಯಾದ. ಮುಂದೆ ಶಾರದೆಯನ್ನು ಕಟ್ಟಿಹಾಕುವುದಕ್ಕೆ ಅವನು ಬಳಸುವುದೂ ಇದೇ ಕಲೆಯನ್ನು. ಅವಳ ಭಯ ಎಲ್ಲಿದೆ ಎಂದು ಅವಳಿಗಿಂತ ಮೊದಲು ಅವನಿಗೆ ಗೊತ್ತು. ಮೆಚ್ಚಿಸಿದ ಗುಣವೇ ಹೆದರಿಸಬೇಕು. ಗುಣಕ್ಕೊಂದು ದೃಶ್ಯ, ದೋಷಕ್ಕೊಂದು ದೃಶ್ಯ ಎಂದು ಹಂಚಿಬಿಟ್ಟರೆ ಮನುಷ್ಯ ಎರಡು ತುಂಡಾಗುತ್ತಾನೆ.

ಅವನ ಪ್ರವೇಶದ ಬಗ್ಗೆ ಎರಡು ಮಾತು. ಅವನು ಕಾಣಿಸಿಕೊಳ್ಳುವ ಮೊದಲೇ ಅವನಿಂದ ಉಪಕಾರ ಪಡೆದವಳೊಬ್ಬಳು ಅವನ ಬಗ್ಗೆ ಮಾತಾಡುತ್ತಾಳೆ, ಅವಳ ಕೃತಜ್ಞತೆ ನಿಜವಾದದ್ದು. ಕಥೆಯ ಕೊನೆಯವರೆಗೂ ಅದು ಸುಳ್ಳಾಗುವುದಿಲ್ಲ. ಅವನ ಒಳ್ಳೆಯತನವೆಲ್ಲ ಮುಖವಾಡವಾಗಿತ್ತು ಎಂದು ಕೊನೆಯಲ್ಲಿ ಬಯಲು ಮಾಡುವ ಉಪಾಯ ನನಗೆ ಸಲ್ಲದು. ಓದುಗ ಇಟ್ಟ ಪ್ರೀತಿಗೆ ಅದು ದ್ರೋಹ.

ಈ ವಿಷಯದಲ್ಲಿ ನನಗೆ ಹೆಚ್ಚು ಕಲಿಸಿದವರು ನಮ್ಮ ಹಳೆಯ ಕವಿಗಳು. ಹತ್ತನೇ ಶತಮಾನದ ಧನಂಜಯ ನಾಟಕದ ಬಗೆಗಿನ ತನ್ನ ಸಂಸ್ಕೃತ ಗ್ರಂಥ ದಶರೂಪಕದಲ್ಲಿ ಪ್ರತಿನಾಯಕನ, ಅಂದರೆ ನಾಯಕನ ಎದುರಾಳಿಯ, ಲಕ್ಷಣ ಹೇಳುತ್ತ ಲೋಭಿ, ಉದ್ಧತ, ಹಟಮಾರಿ, ಪಾಪಿ, ವ್ಯಸನಿ ಎಂದು ಪಟ್ಟಿ ಕೊಡುತ್ತಾನೆ. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನ ಗದಾಯುದ್ಧವನ್ನು ಬರೆದ. ಅವನ ಕಾವ್ಯದ ನಾಯಕ ಭೀಮ. ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಆ ಭೀಮನೊಡನೆ ಸಮೀಕರಿಸಿಯೇ ಕಾವ್ಯ ನಡೆಯುತ್ತದೆ. ಅಂದರೆ ದುರ್ಯೋಧನನನ್ನು ಹಳಿದರೆ ಕವಿಗೆ ಲಾಭವೇ. ಆದರೆ ರನ್ನ ಅವನನ್ನು ಸಂಜಯನ ಜೊತೆ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲಿಸುತ್ತಾನೆ. ನನ್ನನ್ನು ಮತ್ತೆಮತ್ತೆ ಹಿಡಿದು ನಿಲ್ಲಿಸುವುದು ಅಭಿಮನ್ಯುವಿನ ಹೆಣದ ಮುಂದಿನ ಗಳಿಗೆ. ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ದುರ್ಯೋಧನ ಅವನ ಪರಾಕ್ರಮವನ್ನು ಹೊಗಳಿ, ತನಗೂ ಅಂಥ ಸಾವು ಬರಲಿ ಎಂದು ಅವನನ್ನೇ ಬೇಡುತ್ತಾನೆ. ಆ ಪದ್ಯ ಓದಿದ ಮೇಲೆ ಅವನನ್ನು ಬರಿಯ ಖಳನೆಂದು ಹೇಗೆ ಕರೆಯುವುದು? ತನ್ನ ಎದುರಾಳಿಯ ದೊಡ್ಡತನ ಅವನಿಗೆ ಕಾಣುತ್ತದೆ. ಅಷ್ಟು ಕಾಣುವ ಕಣ್ಣಿರುವವನು ನೀಚನಾಗಿ ಉಳಿಯಲಾರ.

ಇದನ್ನು ನಾನು ನೇರವಾಗಿ ಬಳಸಿಕೊಂಡೆ. ಶಾರದೆಯ ಬುದ್ಧಿವಂತಿಕೆಯನ್ನು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಶ್ರೀಪತಿ. ಕೆಲಸದ ಪತ್ರ ಅವನ ಕೈಗೆ ಸಿಕ್ಕಾಗ ಮೊದಲು ಆಗುವುದು ಹೆಮ್ಮೆ. ಒಬ್ಬನೇ ಕೂತು ಪತ್ರವನ್ನು ಪೂರ್ತಿ ಓದುತ್ತಾನೆ, ಅವಳ ಹೆಸರಿರುವ ಸಾಲನ್ನು ಇನ್ನೊಮ್ಮೆ ಓದುತ್ತಾನೆ. ಆಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ. ಹೆಮ್ಮೆ ಮತ್ತು ಬೀಗದ ನಡುವೆ ನಾನು ಒಂದೇ ಒಂದು ಮಾತಿನ ವಿವರಣೆಯನ್ನೂ ಹಾಕಲಿಲ್ಲ.

ಇನ್ನೊಂದು ಪಾಠ ನಾಗಚಂದ್ರನದು. ಸುಮಾರು 1100ರ ಹೊತ್ತಿನ ಅವನ ಜೈನ ರಾಮಾಯಣದಲ್ಲಿ ರಾವಣನಿಗೆ ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತವಿದೆ. ಸೀತೆಯ ಸಂಕಟ ಕಂಡು ಅವನ ಮನಸ್ಸು ತಿರುಗುತ್ತದೆ, ತಾನು ಮಾಡಿದ್ದು ತಪ್ಪೆಂದು ಅರಿವಾಗುತ್ತದೆ, ಅವಳನ್ನು ಒಪ್ಪಿಸಲು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದ ಎಂದಾರು. ಮೊದಲು ಯುದ್ಧದಲ್ಲಿ ಗೆದ್ದು, ಆಮೇಲೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಒಳ್ಳೆಯ ನಿರ್ಧಾರಕ್ಕೂ ಕಾರ್ಯಕ್ಕೂ ನಡುವೆ ಅಭಿಮಾನ ಅಡ್ಡ ನಿಂತ ಆ ಒಂದು ತಿರುವು ನನಗೆ ದೊಡ್ಡ ಪಾಠವಾಯಿತು. ಖಳ ಹಿಂದಿರುಗುವ ದಾರಿ ತೆರೆದಿರಬೇಕು, ಅದು ಅವನ ಕಣ್ಣಿಗೂ ಬೀಳಬೇಕು. ಆಗ ಓದುಗ ಪುಟದ ಈಚೆ ಕೂತು "ಹೋಗೋ ಮಾರಾಯ, ಹೋಗಿ ಹೇಳಿಬಿಡು" ಎಂದು ಒಳಗೊಳಗೇ ಅಂಗಲಾಚುತ್ತಾನೆ. ಅಂಗಲಾಚುವಷ್ಟು ಹತ್ತಿರವಾದ ಮೇಲೆ ಅವನನ್ನು ಬಿಡುವುದು ಕಷ್ಟ.

ನನ್ನ ಕಾದಂಬರಿಯ ನಡುಮಧ್ಯದ ದೃಶ್ಯ ಹುಟ್ಟಿದ್ದು ಹೀಗೆ. ಶ್ರೀಪತಿಗೆ ತನ್ನದೇ ಒಂದು ಕಟ್ಟಳೆಯಿದೆ. ಲೋಕಕ್ಕೆ ಸುಳ್ಳು ಹೇಳಬಲ್ಲ, ಮೋಹನನಿಗೂ ಹೇಳಬಲ್ಲ, ಶಾರದೆಗೆ ಮಾತ್ರ ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಅವಳಿಗೆ ಜ್ವರ ಬಂದಾಗ "ಅಮ್ಮ ಬರ್ತಾಳಾ?" ಎಂದು ಕೇಳಿದ್ದಕ್ಕೂ ಅವನು "ಇಲ್ಲ ಪುಟ್ಟಿ, ಬರಲ್ಲ. ನಾನಿದೀನಿ" ಎಂದಿದ್ದ. ಕಾದಂಬರಿಯುದ್ದಕ್ಕೂ ಅವಳು ಕೇಳಿದ್ದಕ್ಕೆಲ್ಲ ಅವನು ಕೊಟ್ಟ ಉತ್ತರ ನಿಜವಾಗಿರುವಂತೆ ನೋಡಿಕೊಂಡೆ. ಬೇಡದ ಪ್ರಶ್ನೆ ಬಂದಾಗ ಮಾತು ಹೊರಳಿಸುತ್ತಾನೆ, ಎದ್ದು ಹೋಗುತ್ತಾನೆ, ಸುಳ್ಳು ಹೇಳುವುದಿಲ್ಲ. ಹಾಗಿರುವಾಗ ಒಂದು ಸಂಜೆ ಅವಳು ಕೇಳುತ್ತಾಳೆ:

"ಅಣ್ಣ, ನನಗೆ ಪತ್ರ ಏನಾದ್ರೂ ಬಂತಾ?"

"ಇಲ್ಲ ಪುಟ್ಟಿ."

ಸಹಿ ನಕಲು ಮಾಡಿದ್ದು ಕಾನೂನಿನ ಪ್ರಕಾರ ಇದಕ್ಕಿಂತ ದೊಡ್ಡ ಅಪರಾಧ. ಆದರೆ ಓದುಗರು ಎದೆ ಹಿಡಿದುಕೊಂಡದ್ದು ಈ ಎರಡು ಪದಗಳಿಗೆ. ಖಳ ಲೋಕದ ಕಟ್ಟಳೆ ಮುರಿದಾಗ ನಾವು ನೋಡುತ್ತ ಕೂರುತ್ತೇವೆ, ತನ್ನ ಕಟ್ಟಳೆಯನ್ನೇ ಮುರಿದಾಗ ನಮ್ಮದೇ ಏನೋ ಮುರಿದಂತಾಗುತ್ತದೆ. ಇದಕ್ಕೆ ತಯಾರಿ ಬಹಳ ಬೇಕು. ಕಟ್ಟಳೆಯನ್ನು ಎಲ್ಲಿಯೂ ಬಾಯಿಬಿಟ್ಟು ಹೇಳದೆ, ಅವನ ನಡೆಯಲ್ಲೇ ಓದುಗ ಗುರುತಿಸುವ ಹಾಗೆ ಮಾಡಬೇಕು. ನಾನು ಅತಿ ಹೆಚ್ಚು ಸಲ ತಿದ್ದಿದ್ದು ಇದಕ್ಕೆ ಮುಂಚಿನ ಸಂಭಾಷಣೆಗಳನ್ನು.

ಸಂಭಾಷಣೆಯ ಮಾತು ಬಂತು, ಹೇಳಿಬಿಡುತ್ತೇನೆ: ವಾದದಲ್ಲಿ ಖಳ ಗೆಲ್ಲಬೇಕು. ಎಲ್ಲ ವಾದದಲ್ಲೂ ಅಲ್ಲ, ಮುಖ್ಯವಾದ ಒಂದೆರಡರಲ್ಲಿ. ಶಾರದೆ "ನನ್ನ ಬದುಕು ನನ್ನದು" ಎಂದಾಗ ಶ್ರೀಪತಿ "ನಿನ್ನದೇ. ನನ್ನದು ಯಾರದಾಗಿತ್ತು ಹೇಳು, ಇಷ್ಟು ವರ್ಷ?" ಎನ್ನುತ್ತಾನೆ. ಅವಳಿಗೆ ಉತ್ತರ ಹೊಳೆಯುವುದಿಲ್ಲ. ನನಗೂ ಹೊಳೆಯಲಿಲ್ಲ, ಹಾಗಾಗಿ ಅವಳಿಗೆ ಕೊಡಲಿಲ್ಲ. ಖಳನ ಬಾಯಲ್ಲಿ ಮೊಂಡು ವಾದ ತುರುಕಿ ನಾಯಕಿಯಿಂದ ಸುಲಭವಾಗಿ ಮುರಿಸಿದರೆ ಇಬ್ಬರೂ ಸಣ್ಣವರಾಗುತ್ತಾರೆ.

ಅವನ ಒಳಗನ್ನು ಎಷ್ಟು ತೆರೆಯುವುದು ಎಂಬುದೂ ಒಂದು ಲೆಕ್ಕಾಚಾರ. ಷೇಕ್ಸ್‌ಪಿಯರನ ಮೂರನೇ ರಿಚರ್ಡ್ ನಾಟಕ ಶುರುವಾಗುವುದೇ ರಿಚರ್ಡ್ ಒಬ್ಬನೇ ನಿಂತು ತನ್ನ ಹುನ್ನಾರವನ್ನು ನಮಗೆ ಹೇಳುವುದರಿಂದ. ರಂಗದ ಮೇಲಿನ ಮಿಕ್ಕವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ಅಲ್ಲಿಗೆ ನಾವು ಅವನ ಕಡೆಯವರಾಗಿಬಿಟ್ಟೆವು. ಬೀಗ ಹಾಕುವ ದೃಶ್ಯವನ್ನು ನಾನು ಓದುಗರಿಂದ ಮುಚ್ಚಿಡದಿದ್ದದ್ದು ಇದೇ ಕಾರಣಕ್ಕೆ. ಪತ್ರ ಎಲ್ಲಿದೆ ಎಂದು ಗೊತ್ತಿದ್ದೂ ಶಾರದೆಗೆ ಹೇಳಲಾಗದ ಸ್ಥಿತಿಯಲ್ಲಿ ಓದುಗ ಇರಬೇಕಿತ್ತು.

ಈ ದಾರಿಯಲ್ಲಿ ಒಂದು ಅಪಾಯವಿದೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹತ್ತಿರವಾದವನಿಗೆ ಮಾಫಿ ಬೇಗ ಸಿಗುತ್ತದೆ. ಮನೆಯೊಳಗಿನ ಇಂಥ ದಬ್ಬಾಳಿಕೆಯನ್ನು ಪ್ರೀತಿ ಎಂದು ಕರೆದು ಸಹಿಸಿಕೊಂಡವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರ ಕೈಗೆ ಈ ಪುಸ್ತಕ ಹೋದಾಗ ಅದು ಯಾರ ಪರ ನಿಲ್ಲುತ್ತದೆ? ಇದೇ ಯೋಚನೆಯಲ್ಲಿ ಶಾರದೆಯ ಅಧ್ಯಾಯಗಳನ್ನು ಬರೆದೆ. ಅವಳು ಕಳೆದುಕೊಂಡದ್ದನ್ನು ದುಃಖ, ಕಣ್ಣೀರು ಎಂದು ಒಟ್ಟಾಗಿ ಹೇಳಲಿಲ್ಲ. ಮಲಗುವ ಮುನ್ನ ಅವಳು ಕೆಲಸಕ್ಕೆ ಬೇಕಾದ ಓದನ್ನು ಮುಂದುವರಿಸುವುದು, ಆಮೇಲೆ ಒಂದು ದಿನ ಪುಸ್ತಕ ತೆರೆಯದಿರುವುದು, ತಾನು ಅಷ್ಟೇನೂ ಜಾಣೆಯಲ್ಲ ಎಂದು ನಿಧಾನವಾಗಿ ನಂಬತೊಡಗುವುದು, ಇವನ್ನು ಬಿಡಿಬಿಡಿಯಾಗಿ ಬರೆದೆ. ಶ್ರೀಪತಿ ಮನಗೆಲ್ಲುವ ಪ್ರತಿ ದೃಶ್ಯದ ನಂತರ, ಅದರ ಬೆಲೆಯನ್ನು ಯಾರು ತೆತ್ತರು ಎಂಬುದು ಹತ್ತಿರದಲ್ಲೇ ಎಲ್ಲಾದರೂ ಕಾಣಬೇಕು ಎಂದು ನಿಯಮ ಮಾಡಿಕೊಂಡಿದ್ದೆ. ಹಸ್ತಪ್ರತಿ ಓದಿದ ಗೆಳೆಯರನ್ನು ಖಳ ಹೇಗಿದ್ದಾನೆ ಎಂದು ಕೇಳಲಿಲ್ಲ; ಶಾರದೆಯನ್ನು ಎಲ್ಲಿ ಮರೆತಿರಿ ಎಂದು ಕೇಳಿದೆ. ಅವರು ತೋರಿಸಿದ ಕಡೆಯಲ್ಲೆಲ್ಲ ಅವಳನ್ನು ಮತ್ತೆ ತಂದೆ.

ಕೊನೆಯ ಭೇಟಿಯಲ್ಲಿ ಅವನು ಕ್ಷಮೆ ಕೇಳಬೇಕಿತ್ತು ಎಂದು ಹಲವರು ಹೇಳಿದ್ದಾರೆ. ನಾನೂ ಅವನಿಂದ ಕೇಳಿಸಲು ನೋಡಿದೆ. ಶಾರದೆಗೆ ಎಲ್ಲ ಗೊತ್ತಾಗಿದೆ, ಪತ್ರ ಅವಳ ಕೈಯಲ್ಲಿದೆ, ಅವನು ಎದುರಿಗಿದ್ದಾನೆ. ಬಾಯಿ ತೆರೆಯುತ್ತಾನೆ, ಬರುವ ಮಾತು "ನೀನು ಹೋಗಿದ್ರೆ ಅಲ್ಲಿ ನಿನ್ನನ್ನ ಯಾರು ನೋಡ್ಕೊತಿದ್ರು?" ಎಂಬುದು. ಬೇರೆ ಮಾತುಗಳನ್ನೂ ಬರೆದು ನೋಡಿದೆ, ಅವು ನನ್ನ ಮಾತುಗಳಾಗಿದ್ದವು, ಅವನವಲ್ಲ. ಹಾಗಾಗಿ ಇದನ್ನೇ ಉಳಿಸಿ, ಅದಕ್ಕೆ ಶಾರದೆಯ ಕೈಲಿ ಉತ್ತರ ಕೊಡಿಸಿ ಅಧ್ಯಾಯ ಮುಗಿಸಿದೆ. ಈ ಸಲ ಅವಳ ಬಳಿ ಉತ್ತರವಿತ್ತು.