ರಾತ್ರಿ ಹತ್ತರ ಬಿಸಿ: ಕಲಬುರಗಿಯ ಮಾಳಿಗೆಗಳ ಕೆಳಗೆ ನನ್ನ ಎಂ.ಟೆಕ್ ಪ್ರಾಜೆಕ್ಟ್

ಪ್ರಾಜೆಕ್ಟ್ ಶುರು ಮಾಡಿದಾಗ ನನ್ನ ಪ್ಲಾನ್ ತುಂಬಾ ಸರಳವಾಗಿತ್ತು. ಕಲಬುರಗಿಯ ಒಂದು ಬಡಾವಣೆಯಲ್ಲಿ ಒಂದೇ ಕೋಣೆಯ ಮನೆಗಳನ್ನು ಆರಿಸಿಕೊಳ್ಳುವುದು, ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಳಗಿನ ಬಿಸಿ ಅಳೆಯುವುದು, ಮಾಳಿಗೆಗೆ, ಅಂದರೆ ಮನೆಯ ಚಪ್ಪಟೆ ಸೂರಿನ ಮೇಲೆ, ಸುಣ್ಣ ಬಳಿಯುವುದು, ಮತ್ತೆ ಅಳೆಯುವುದು. ಎಷ್ಟು ಡಿಗ್ರಿ ಇಳಿಯಿತೋ ಅದೇ ಉತ್ತರ. ಗೈಡ್ ಕೂಡ ಒಪ್ಪಿದ್ದರು.

ಮೊದಲ ವಾರವೇ ಒಬ್ಬ ಅಕ್ಕ ಈ ಪ್ಲಾನನ್ನು ತಲೆಕೆಳಗು ಮಾಡಿದರು. ಅವರು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವವರು. ಎರಡು ಗಂಟೆಗೆ ನಾನು ಹೋದಾಗ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. "ಯವ್ವಾ, ಈ ಹೊತ್ತಿನ್ಯಾಗ ಮನಿ ಒಳಗ ಯಾರಿರ್ತಾರ? ರಾತ್ರಿ ಹತ್ತಕ್ಕ ಬಂದು ನೋಡು. ಮ್ಯಾಲಿನ ಸಿಲಾಪ್ ರೊಟ್ಟಿ ಹಂಚಿನಂಗ ಇರ್ತದ" ಅಂದರು.

ಹೋದೆ. ಮಂಚದ ಮೇಲೆ ನಿಂತು ಸ್ಲ್ಯಾಬಿಗೆ ಕೈ ಇಟ್ಟೆ. ಹೊರಗೆ ಗಾಳಿ ತಣ್ಣಗಾಗಿತ್ತು, ಒಳಗೆ ಸೂರು ಇನ್ನೂ ಸುಡುತ್ತಿತ್ತು. ಅದರ ಕೆಳಗೆ ಎರಡು ಮಕ್ಕಳು ಮಲಗಿದ್ದವು.

ಇದು ಪುಸ್ತಕದಲ್ಲಿ ಓದಿದ್ದೇ, ಆದರೆ ಕೈಗೆ ತಾಗಿದಾಗಲೇ ಅರ್ಥವಾದದ್ದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲಿನ ಸ್ಲ್ಯಾಬ್ ನಾಲ್ಕು ಇಂಚು ದಪ್ಪ ಅಂದುಕೊಳ್ಳಿ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2400 ಕಿಲೋ ತೂಗುತ್ತದೆ, ಹಾಗಾಗಿ ಆ ಮನೆಯವರ ತಲೆ ಮೇಲೆ ಎರಡು ಟನ್‌ಗಿಂತ ಜಾಸ್ತಿ ಕಾಂಕ್ರೀಟ್ ಇದೆ. ಅದು ಹಗಲೆಲ್ಲ ಬಿಸಿಲು ಕುಡಿದು, ಜನ ಕೆಲಸದಿಂದ ಬಂದು ಊಟ ಮಾಡಿ ಮಲಗುವ ಹೊತ್ತಿಗೆ ಸರಿಯಾಗಿ ಕೆಳಗೆ ಬಿಡುತ್ತದೆ. ನಾನು ಅಳೆದ ಮನೆಗಳಲ್ಲಿ ಸ್ಲ್ಯಾಬಿನ ಮೇಲ್ಮೈ ಒಂದೂವರೆ-ಎರಡು ಗಂಟೆಗೆ ಅತಿ ಬಿಸಿ ಇದ್ದರೆ, ಒಳಮೈ ಅತಿ ಬಿಸಿ ಆಗುತ್ತಿದ್ದದ್ದು ಸಂಜೆ ಐದೂವರೆ-ಆರರ ಹೊತ್ತಿಗೆ. ಅಲ್ಲಿಂದ ಇಳಿಯೋಕೆ ನಡುರಾತ್ರಿ ದಾಟಬೇಕು. ಭೂಮಿ ಬಿಸಿಯಾಗುತ್ತಾ ರಾತ್ರಿಗಳೂ ಬಿಸಿಯಾಗುತ್ತಿವೆ. ದೇಹಕ್ಕೆ ಹಗಲಿನ ಬಿಸಿಯಿಂದ ಸುಧಾರಿಸಿಕೊಳ್ಳೋಕೆ ಇರುವ ಸಮಯ ರಾತ್ರಿ ಮಾತ್ರ, ಅದನ್ನೂ ಸ್ಲ್ಯಾಬ್ ಕಿತ್ತುಕೊಂಡರೆ ಹೇಗೆ?

ಹಾಗಾಗಿ ಇಡೀ ದಿನ ಅಳೆಯುವ ವ್ಯವಸ್ಥೆ ಬೇಕಾಯಿತು. ಬಿಸಿಯನ್ನು ತಾನೇ ಅಳೆದು ಬರೆದಿಡುವ ದುಬಾರಿ ಲಾಗರ್ ಕೊಳ್ಳಲು ದುಡ್ಡಿರಲಿಲ್ಲ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್ ಜೋಡಿಸಿ ನಾವೇ ಮಾಡಿಕೊಂಡೆವು. ಕಂಪನಿಯ ಲೆಕ್ಕದಲ್ಲೇ ಈ ಸೆನ್ಸರ್ ಅರ್ಧ ಡಿಗ್ರಿ ಆಚೀಚೆ ತೋರಿಸಬಹುದು. ಅದಕ್ಕೆ ಎಲ್ಲ ಸೆನ್ಸರುಗಳನ್ನೂ ಪುಡಿ ಐಸ್ ತುಂಬಿದ ನೀರಿನಲ್ಲಿ ಒಟ್ಟಿಗೆ ಮುಳುಗಿಸಿ, ಸೊನ್ನೆಯಿಂದ ಯಾವುದು ಎಷ್ಟು ತಪ್ಪುತ್ತದೆ ಅಂತ ಬರೆದಿಟ್ಟುಕೊಂಡೆ. ಇದನ್ನು ಬಿಟ್ಟರೆ ಮುಂದಿನ ಕೆಲಸಕ್ಕೆ ಬೆಲೆಯೇ ಇಲ್ಲ. ಇನ್ನೊಂದು ಸೆನ್ಸರನ್ನು ಕಪ್ಪು ಬಣ್ಣ ಬಳಿದ ಟೇಬಲ್ ಟೆನಿಸ್ ಚೆಂಡಿನ ಒಳಗೆ ಇಟ್ಟು ಮಂಚದ ಎತ್ತರಕ್ಕೆ ತೂಗುಹಾಕಿದೆ. ಗಾಳಿಯ ಬಿಸಿ ಒಂದೇ ಅಳೆದರೆ ಸಾಲದು. ಸೂರಿನಿಂದ ಮೈ ಮೇಲೆ ನೇರವಾಗಿ ಬೀಳುವ ಝಳವನ್ನು ಆ ಕಪ್ಪು ಚೆಂಡು ಹಿಡಿಯುತ್ತದೆ.

ಮೊದಲ ತಿಂಗಳ ಡೇಟಾ ಬಹುಪಾಲು ಹಾಳಾಯಿತು. ಒಂದು ಮನೆಯಲ್ಲಿ ಸೆನ್ಸರನ್ನು ಪಡುವಣ ಗೋಡೆಗೆ ಅಂಟಿಸಿದ್ದೆ, ಅದು ಗೋಡೆಯ ಬಿಸಿಯನ್ನು ಬರೆಯುತ್ತಿತ್ತು. ಇನ್ನೊಂದರಲ್ಲಿ ಒಲೆಗೆ ಹತ್ತಿರವಾಗಿತ್ತು. ಮೂರನೆಯದರಲ್ಲಿ ಇದ್ದದ್ದೇ ಒಂದು ಪ್ಲಗ್, ಮೊಬೈಲ್ ಚಾರ್ಜ್ ಮಾಡೋಕೆ ನನ್ನ ಬೋರ್ಡನ್ನು ತೆಗೆಯುತ್ತಿದ್ದರು. ಅದು ಅವರ ತಪ್ಪಲ್ಲ, ಅವರ ಮನೆಯ ಒಂದೇ ಪ್ಲಗ್ ನಾನು ಹಿಡಿದುಕೊಂಡು ಕೂತದ್ದು ತಪ್ಪು. ಆಮೇಲೆ ಎಲ್ಲ ಕಡೆ ಬ್ಯಾಟರಿ ಇಟ್ಟೆ. ಇನ್ನೊಂದು ಎಚ್ಚರ, ಈ ಕೆಲಸ ಮಾಡುವವರಿಗೆ: ಹೊಳೆಯುವ ಜಿಂಕ್ ತಗಡಿಗೆ, ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದರೆ ನಿಜಕ್ಕಿಂತ ತುಂಬಾ ಕಮ್ಮಿ ತೋರಿಸುತ್ತದೆ, ಯಾಕೆಂದರೆ ಹೊಳಪಿನ ಲೋಹ ತನ್ನ ಬಿಸಿಯನ್ನು ಅಷ್ಟಾಗಿ ಹೊರಸೂಸುವುದಿಲ್ಲ. ತಗಡಿಗೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ಟೇಪಿನ ಮೇಲೆ ಅಳೆಯಬೇಕು.

ಸರಿಯಾದ ಡೇಟಾ ಬರಲು ಶುರುವಾದ ಮೇಲೆ ಕಂಡದ್ದು ನನಗೆ ಇವತ್ತಿಗೂ ಈ ಕೆಲಸದ ಜೀವಾಳ. ಹಗಲು ಒಂದು ಗಂಟೆಗೆ ಅತಿ ಕೆಟ್ಟ ಮನೆ ತಗಡಿನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಗಡು ತೆಳು, ಬಿಸಿ ಹಿಡಿದಿಟ್ಟುಕೊಳ್ಳಲು ಅದರಲ್ಲಿ ತೂಕವೇ ಇಲ್ಲ. ಸೂರ್ಯ ಮುಳುಗಿ ಒಂದೆರಡು ಗಂಟೆಗೆ ತಣ್ಣಗಾಗುತ್ತದೆ. ರಾತ್ರಿ ಹತ್ತಕ್ಕೆ ನೋಡಿದರೆ ಅತಿ ಕೆಟ್ಟದ್ದು ಸ್ಲ್ಯಾಬಿನ ಮನೆ. ಸಾಲ ಮಾಡಿ ತಗಡು ಕಿತ್ತು ಸ್ಲ್ಯಾಬ್ ಹಾಕಿಸಿದವರು ಮಳೆಯಿಂದ, ಕಳ್ಳರಿಂದ ಪಾರಾದರು, ರಾತ್ರಿಯ ನಿದ್ದೆ ಕಳೆದುಕೊಂಡರು. ನಾನು ಮಧ್ಯಾಹ್ನ ಮಾತ್ರ ಅಳೆದಿದ್ದರೆ ಸ್ಲ್ಯಾಬ್ ಮನೆಗಳು ಪರವಾಗಿಲ್ಲ ಅಂತ ಬರೆದು ಮುಗಿಸುತ್ತಿದ್ದೆ.

ಅದೇ ಓಣಿಯಲ್ಲಿ ಒಂದು ಹಳೇ ಮಣ್ಣಿನ ಮಾಳಿಗೆ ಉಳಿದಿತ್ತು. ಜಂತಿ, ಅದರ ಮೇಲೆ ಸೊಪ್ಪು-ಕಟ್ಟಿಗೆ, ಅದರ ಮೇಲೆ ಅಡಿಗಿಂತ ಜಾಸ್ತಿ ಮಣ್ಣು. ಅಲ್ಲಿ ಗ್ರಾಫಿನಲ್ಲಿ ಹಗಲು-ರಾತ್ರಿಯ ಬಿಸಿಯ ಗೆರೆ ಹೆಚ್ಚುಕಮ್ಮಿ ನೆಟ್ಟಗಿತ್ತು, ಬಿಸಿ ಕೆಳಗೆ ಬರುವಷ್ಟರಲ್ಲಿ ಬಹುಪಾಲು ಮಣ್ಣಿನಲ್ಲೇ ಕರಗಿರುತ್ತಿತ್ತು. ಅದನ್ನೇ ಎಲ್ಲರೂ ಕಟ್ಟಿಕೊಳ್ಳಲಿ ಅಂತ ನಾನು ಹೇಳಲಾರೆ. ಪ್ರತಿ ಮಳೆಗಾಲಕ್ಕೆ ಮೊದಲು ಮೇಲೆ ಮಣ್ಣು ಹಾಕಿ ಬಿಗಿ ಮಾಡಬೇಕು, ಆ ಕೆಲಸಕ್ಕೆ ಆ ಮನೆಯ ಅಜ್ಜನಿಗೆ ಈಗ ಆಳು ಸಿಗುವುದಿಲ್ಲ.

ಇನ್ನು ಸುಣ್ಣ. ಬೇಸಿಗೆ ಮಧ್ಯಾಹ್ನ ಒಂದು ಚದರ ಮೀಟರ್ ಮಾಳಿಗೆ ಮೇಲೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಹಳೇ ಕಾಂಕ್ರೀಟ್ ಅದರಲ್ಲಿ 300 ವ್ಯಾಟಿನಷ್ಟು ವಾಪಸ್ ಕಳಿಸುತ್ತದೆ, ಹೊಸ ಬಿಳಿ ಸುಣ್ಣ 700ರ ಆಸುಪಾಸು. ವ್ಯತ್ಯಾಸ 400 ವ್ಯಾಟ್. ಆ ಪುಟ್ಟ ಕೋಣೆಗೆ ಲೆಕ್ಕ ಹಾಕಿದರೆ ಸಾವಿರ ವ್ಯಾಟಿನ ಮೂರೂವರೆಗಿಂತ ಜಾಸ್ತಿ ಇಸ್ತ್ರಿ ಪೆಟ್ಟಿಗೆಗಳನ್ನು ಮಾಳಿಗೆಯಿಂದ ತೆಗೆದಿಟ್ಟ ಹಾಗೆ.

ಸುಣ್ಣವನ್ನು ಹಿಂದಿನ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿದೆವು. ಮಾಳಿಗೆ ಗುಡಿಸಿ, ತೊಳೆದು, ಒದ್ದೆ ಇರುವಾಗಲೇ ಬೆಳಗ್ಗೆ ಬೇಗ ಬಳಿಯಬೇಕು. ಬಿಸಿಲೇರಿದ ಮೇಲೆ ಬಳಿದರೆ ಬೇಗ ಒಣಗಿ ಪುಡಿಯಾಗಿ ಏಳುತ್ತದೆ, ಒಂದು ಮನೆಯಲ್ಲಿ ಹಾಗೇ ಆಯಿತು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಯಾರೂ ಸುಣ್ಣ ಮುಟ್ಟಬೇಡಿ.

ಎಂಟು ಸ್ಲ್ಯಾಬ್ ಮನೆಗಳಲ್ಲಿ ನಾಲ್ಕಕ್ಕೆ ಮೊದಲು ಬಳಿದೆವು, ನಾಲ್ಕನ್ನು ಹೋಲಿಸಿ ನೋಡಲು ಹಾಗೇ ಬಿಟ್ಟೆವು. ಪೇಪರಿನಲ್ಲಿ ಇದನ್ನು ಸಲೀಸಾಗಿ ಬರೆದುಬಿಡಬಹುದು. ಓಣಿಯಲ್ಲಿ ನಿಂತು, ಅವರ ಮಾಳಿಗೆಗೆ ಈಗ, ನಿಮ್ಮದಕ್ಕೆ ಆಮೇಲೆ ಅಂತ ಹೇಳುವುದು ಕಷ್ಟ. ಅಳತೆ ಮುಗಿಯಲು ಮೂರು ವಾರ ಸಾಕು ಅಂತ ಗೈಡ್ ಜೊತೆ ಮಾತಾಡಿ, ಮೇ ಮುಗಿಯುವ ಮೊದಲೇ ಉಳಿದ ನಾಲ್ಕಕ್ಕೂ ಬಳಿದು ಕೊಟ್ಟೆ. ಇನ್ನೊಂದು ತಿಂಗಳ ಡೇಟಾ ಸಿಗುತ್ತಿತ್ತು ನಿಜ. ಆದರೆ ನಮ್ಮ ಗ್ರಾಫಿಗೋಸ್ಕರ ಮಕ್ಕಳನ್ನು ಬಿಸಿಯಲ್ಲಿ ಮಲಗಿಸುವುದು ನನಗೆ ಸರಿ ಕಾಣಲಿಲ್ಲ.

ಬಳಿದ ಮನೆಗಳಲ್ಲಿ ರಾತ್ರಿ ಹತ್ತಕ್ಕೆ ಕಪ್ಪು ಚೆಂಡು ತೋರಿಸಿದ ಇಳಿಕೆ ಎರಡು ಡಿಗ್ರಿ ಆಸುಪಾಸು. ಕೇಳೋಕೆ ಸಣ್ಣದು, ಅಲ್ವಾ? ಆ ಅಕ್ಕ ಮಾತ್ರ ಮಕ್ಕಳು ರಾತ್ರಿ ಎದ್ದು ನೀರು ಕೇಳುವುದು ಕಮ್ಮಿಯಾಗಿದೆ ಅಂದರು. ನನ್ನ ಥೀಸಿಸ್‌ನಲ್ಲಿ ಆ ಮಾತಿಗೆ ಕಾಲಂ ಇರಲಿಲ್ಲ, ಸೇರಿಸಿದೆ.

ತೊಂದರೆಗಳೂ ಇವೆ. ಮಾಳಿಗೆ ಸುಮ್ನೆ ಖಾಲಿ ಬಿದ್ದಿರುವ ಜಾಗ ಅಲ್ಲ. ಮೆಣಸಿನಕಾಯಿ, ಹಪ್ಪಳ, ತೊಗರಿ ಒಣಗಿಸುತ್ತಾರೆ, ಸುಣ್ಣದ ಪುಡಿ ಅಂಟುತ್ತದೆ ಅಂತ ಜನ ಹಿಂಜರಿದರು, ಅದಕ್ಕೆ ಒಂದು ಮೂಲೆಯನ್ನು ಬಳಿಯದೆ ಬಿಟ್ಟೆವು. ಧೂಳು ಕೂತಂತೆ ಬಿಳುಪು ಮಂಕಾಗುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಹಾಗಾಗಿ ಪ್ರತಿ ವರ್ಷ ಬಳಿಯಲೇಬೇಕು. ಯುಗಾದಿಗೆ ಮೊದಲು ಗೋಡೆಗೆ ಸುಣ್ಣ ಹೊಡೆಯುವ ಮನೆಗಳಲ್ಲಿ ಅದರ ಜೊತೆಗೇ ಮಾಳಿಗೆಗೂ ಹೊಡೆಯಿರಿ ಅಂದಾಗ ಬೇಗ ಒಪ್ಪಿದರು. ತಗಡಿನ ಮನೆಗಳಿಗೆ ಬಿಳುಪಿನ ಜೊತೆ ಕೆಳಗೆ ಒಂದು ಗೇಣು ಜಾಗ ಬಿಟ್ಟು ಬಿದಿರಿನ ಚಾಪೆ ಕಟ್ಟಿದ್ದು ಹಗಲಿಗೆ ಜಾಸ್ತಿ ನೆರವಾಯಿತು.

ಸಂಜೆ ಮಾಳಿಗೆಗೆ ಕೊಡಗಟ್ಟಲೆ ನೀರು ಸುರಿಯುವುದು ಅಲ್ಲಿ ರೂಢಿ. ಅದರ ಲೆಕ್ಕವನ್ನೂ ಹಾಕಿದೆ. ಒಂದೇ ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ, ಆ ಎರಡು ಟನ್ ಸ್ಲ್ಯಾಬನ್ನು ಸುಮಾರು ಒಂದು ಡಿಗ್ರಿ ಇಳಿಸುವಷ್ಟು ಶಾಖ ಒಯ್ಯುತ್ತದೆ. ಆದರೆ ಸುರಿದ ನೀರು ಆವಿಯಾಗುವ ಮೊದಲೇ ಹರಿದು ಮೋರಿಗೆ ಹೋಗುತ್ತದೆ. ಗೋಣಿಚೀಲ ಹಾಸಿ ಅದನ್ನು ಒದ್ದೆ ಮಾಡಿದರೆ ಪಾತ್ರೆ ತೊಳೆದ ನೀರಿನಲ್ಲೇ ಕೆಲಸವಾಗುತ್ತದೆ. ನಳದಲ್ಲಿ ದಿನ ಬಿಟ್ಟು ದಿನ ನೀರು ಬರುವ ಓಣಿಯಲ್ಲಿ ಇದು ದೊಡ್ಡ ಮಾತು.

2010ರ ಬಿಸಿಗಾಳಿಯಲ್ಲಿ ಜನ ಸತ್ತ ಮೇಲೆ ಅಹಮದಾಬಾದ್ 2013ರಲ್ಲಿ ಬಿಸಿಗಾಳಿ ಎದುರಿಸಲು ತನ್ನದೇ ಹೀಟ್ ಆಕ್ಷನ್ ಪ್ಲಾನ್ ಮಾಡಿಕೊಂಡಿತು. ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೇ ಒಂದು ನೀತಿ ತಂದಿತು. ವಾಸದ ಮನೆಗಳಿಗೆ ಕೇಂದ್ರ ತಂದ 2018ರ ಇಕೋ ನಿವಾಸ್ ಸಂಹಿತೆ ಮಾಳಿಗೆಯಿಂದ ಎಷ್ಟು ಶಾಖ ದಾಟಬಹುದು ಅಂತ ಮಿತಿ ಹಾಕಿತು: ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್. ಬರೀ ಸ್ಲ್ಯಾಬಿನಲ್ಲಿ ಅದು 3ಕ್ಕಿಂತ ಜಾಸ್ತಿ. ಆದರೆ ಆ ಸಂಹಿತೆ ಬಂದದ್ದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಕಟ್ಟುವವರಿಗೆ. ನಾನು ಅಳೆದ ಮನೆಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಜೊತೆಗೆ ಅವುಗಳಲ್ಲಿ ಐದು ಬಾಡಿಗೆ ಮನೆಗಳು. ಮಾಳಿಗೆ ಮಾಲೀಕರದು, ಬಿಸಿ ಬಾಡಿಗೆಯವರದು. ಮರುವರ್ಷ ಫೆಬ್ರವರಿಯಲ್ಲಿ ನಾನು ಹೋದಾಗ ಎರಡು ಮನೆಗಳಲ್ಲಿ ಹೊಸಬರಿದ್ದರು. ಮಾಳಿಗೆ ಯಾಕೆ ಬಿಳಿ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ. ರೊಟ್ಟಿ ಮಾಡುವ ಅಕ್ಕನ ಮಗಳನ್ನು ಜೊತೆಗೆ ಕರೆದುಕೊಂಡು ಆ ಐದೂ ಮನೆಗಳ ಮೆಟ್ಟಿಲ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದೆ. ಸುಣ್ಣ ಎಷ್ಟು, ನೀರು ಎಷ್ಟು, ಯಾವ ತಿಂಗಳು, ಎಷ್ಟು ಹೊತ್ತಿಗೆ, ಎರಡು ಕೋಟ್. ಕೊನೆಯ ಸಾಲನ್ನು ಅವಳೇ ಸೇರಿಸಿದಳು: "ಕನ್ನಡಕ ಹಾಕ್ಕೊಳ್ರಿ."